ಕೆಟ್ಟ ಡಿಸ್ಕ್ ಬದಲಿಸುವಾಗ 'ಫೋರ್ಸ್' ಒತ್ತುವ ಮುಂಚೆ ಇದನ್ನು ಓದಿ

ಎಲ್‌ವಿಎಂ (ಹಲವು ಡಿಸ್ಕ್‌ಗಳ ಜಾಗವನ್ನು ಸೇರಿಸಿ ಹಂಚುವ ಲಿನಕ್ಸ್ ವ್ಯವಸ್ಥೆ) ಮೇಲೆ ಡೇಟಾ ಇಟ್ಟಿರುವ ಸರ್ವರ್ ನೋಡಿಕೊಳ್ಳುವವರೆಲ್ಲ ದಯವಿಟ್ಟು ಪೂರ್ತಿ ಓದಿ. ನಮ್ಮಲ್ಲಿ ಡಿಸ್ಕ್ ಕೆಟ್ಟು ಆದ ನಷ್ಟ ಕಡಿಮೆ. ಅದನ್ನು ಬದಲಿಸಲು ಬಂದವರಿಂದ ಆದ ಅನಾಹುತವೇ ಜಾಸ್ತಿ.

ನಮ್ಮ ಸರ್ವರ್‌ನಲ್ಲಿ ನಾಲ್ಕು ಡಿಸ್ಕ್ ಸೇರಿ ಒಂದು ವಾಲ್ಯೂಮ್ ಗ್ರೂಪ್, ಅಂದರೆ ಒಟ್ಟು ಜಾಗದ ಒಂದೇ ರಾಶಿ. ಆಪರೇಟಿಂಗ್ ಸಿಸ್ಟಮ್ ಬೇರೆ ಡಿಸ್ಕ್‌ನಲ್ಲಿತ್ತು. ಆ ಜಾಗದಿಂದ ಭಾಗ ಮಾಡಿಕೊಂಡು ಡೇಟಾ ಇಟ್ಟಿದ್ದ ಲಾಜಿಕಲ್ ವಾಲ್ಯೂಮ್‌ಗಳೆಲ್ಲ ಲೀನಿಯರ್. ಅಂದರೆ ಒಂದು ಡಿಸ್ಕ್‌ನಲ್ಲಿ ಜಾಗ ಮುಗಿದರೆ ಮುಂದಿನದರಲ್ಲಿ ಮುಂದುವರಿಯುತ್ತದೆ. ಎರಡನೇ ಪ್ರತಿ ಎಲ್ಲೂ ಇರುವುದಿಲ್ಲ. ಎಲ್‌ವಿಎಂ ಇದ್ದರೆ ಒಂದು ಡಿಸ್ಕ್ ಹೋದರೂ ಪರವಾಗಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ರೈಡ್ 1, ರೈಡ್ 5ರಂತೆ ಹೆಚ್ಚುವರಿ ಮಾಹಿತಿಯನ್ನು ಬೇರೆ ಡಿಸ್ಕ್‌ನಲ್ಲೂ ಇಡುವ ರೈಡ್ ಮಾದರಿಯಲ್ಲಿ ಮಾಡಿದ ವಾಲ್ಯೂಮ್‌ಗೆ ಮಾತ್ರ ಆ ರಕ್ಷಣೆ ಇರುತ್ತದೆ.

ಒಂದು ಡಿಸ್ಕ್‌ನ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ವರದಿ) 197 ನಂಬರಿನ ಸಾಲು, ಅಂದರೆ ಸರಿಯಾಗಿ ಓದಲಾಗದೆ ಬಾಕಿ ಇರುವ ಪೆಂಡಿಂಗ್ ಸೆಕ್ಟರ್ ಸಂಖ್ಯೆ, ಏರತೊಡಗಿತು. ಡಿಸ್ಕ್ ಇನ್ನೂ ಓದುತ್ತಿತ್ತು. ಹೊಸದನ್ನು ಖಾಲಿ ಸ್ಲಾಟ್‌ಗೆ ಹಾಕಿ, ಡೇಟಾ ಸರಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ ಅಂತ ನಿರ್ವಹಣೆಯವರಿಗೆ ಬರೆದುಕೊಟ್ಟೆವು. ಡಿಸ್ಕ್‌ನ ಸೀರಿಯಲ್ ನಂಬರನ್ನೂ ಕೊಟ್ಟಿದ್ದೆವು.

ರಾತ್ರಿ ಬಂದ ತಂತ್ರಜ್ಞ ಸರ್ವರ್ ಆಫ್ ಮಾಡಿ, ಹಳೆಯ ಲಾಗ್‌ನಲ್ಲಿ 'ಎಸ್‌ಡಿಸಿ' ಅಂತ ಇದ್ದುದನ್ನು ನೋಡಿ ಮೂರನೇ ಡಿಸ್ಕನ್ನು ಎಳೆದರು. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಪ್ರತಿ ಬೂಟ್‌ನಲ್ಲೂ ಅದಲುಬದಲಾಗಬಹುದು. ಸ್ಲಾಟ್‌ಗೂ ಆ ಹೆಸರಿಗೂ ಸಂಬಂಧವೇ ಇಲ್ಲ. ಆಚೆ ಬಂದದ್ದು ಚೆನ್ನಾಗಿದ್ದ ಡಿಸ್ಕ್. ಕೆಟ್ಟದ್ದು ಒಳಗೇ ಉಳಿಯಿತು.

ಸರ್ವರ್ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತಿತು. ಇಂಥ ಯುಯುಐಡಿ (ಡಿಸ್ಕ್‌ನ ಗುರುತಿನ ಸಂಖ್ಯೆ) ಇರುವ ಡಿಸ್ಕ್ ಸಿಗುತ್ತಿಲ್ಲ ಅಂತ ಎಲ್‌ವಿಎಂ ಹೇಳಿತು. ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಅವರು ಗ್ರೂಪ್‌ನಿಂದ ಡಿಸ್ಕ್ ಕೈಬಿಡುವ 'ವಿಜಿರೆಡ್ಯೂಸ್' ಕಮಾಂಡ್‌ಗೆ 'ರಿಮೂವ್‌ಮಿಸ್ಸಿಂಗ್' ಸೇರಿಸಿ ಓಡಿಸಿದರು. ಎಲ್‌ವಿಎಂ ಒಪ್ಪಲಿಲ್ಲ. ಅರ್ಧ ಉಳಿದಿರುವ ವಾಲ್ಯೂಮ್‌ಗಳಿವೆ, ಅವನ್ನು ತೆಗೆದೇ ಹಾಕಬೇಕಾದರೆ 'ಫೋರ್ಸ್' ಸೇರಿಸಿ ಅಂತ ತೋರಿಸಿತು. ಇದೇ ಅಪಾಯದ ಜಾಗ. ಅದು ಎಚ್ಚರಿಕೆ, ಆದರೆ ಸುಸ್ತಾದ ಕಣ್ಣಿಗೆ ಮುಂದಿನ ಹೆಜ್ಜೆಯ ಹಾಗೆ ಕಾಣುತ್ತದೆ. ಅವರು ಸೇರಿಸಿದರು. ಕಾಣೆಯಾದ ಡಿಸ್ಕ್ ಮೇಲೆ ಒಂದು ತುಣುಕು ಇದ್ದ ವಾಲ್ಯೂಮ್ ಕೂಡ ಇಡಿಯಾಗಿ ಪಟ್ಟಿಯಿಂದ ಹೋಯಿತು. ಬೂಟ್ ಆಗಲಿ ಅಂತ ಬೂಟ್‌ನಲ್ಲಿ ಯಾವ ವಾಲ್ಯೂಮ್ ತೆರೆಯಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಅದರ ಸಾಲನ್ನೂ ಕಾಮೆಂಟ್ ಮಾಡಿ (ಲೆಕ್ಕಕ್ಕೆ ಬಾರದಂತೆ ಮಾಡಿ), ಕೆಲಸ ಮುಗಿಯಿತು ಅಂತ ವರದಿ ಕಳಿಸಿದರು.

ಬೆಳಿಗ್ಗೆ ನೋಡಿದರೆ ಡೇಟಾ ವಾಲ್ಯೂಮೇ ಇಲ್ಲ. ಬ್ಯಾಕಪ್ ಇತ್ತು, ಆದರೆ ಅಷ್ಟನ್ನೂ ವಾಪಸ್ ತುಂಬಲು ದಿನಗಟ್ಟಲೆ ಬೇಕು. ನಮ್ಮನ್ನು ಉಳಿಸಿದ್ದು ಇಟಿಸಿ ಡೈರೆಕ್ಟರಿಯಲ್ಲಿ ಎಲ್‌ವಿಎಂ ಇಡುವ 'ಆರ್ಕೈವ್'. ವಾಲ್ಯೂಮ್ ಗ್ರೂಪ್ ಬದಲಾಗುವ ಮೊದಲು ಅದರ ನಕ್ಷೆಯನ್ನು ಎಲ್‌ವಿಎಂ ಅಲ್ಲಿ ಒಂದು ಪಠ್ಯ ಫೈಲ್ ಆಗಿ ಬರೆದಿಡುತ್ತದೆ. ಯಾವ ಕಮಾಂಡ್‌ಗೆ ಮುಂಚೆ ಬರೆದದ್ದು ಅಂತಲೂ ಅದರೊಳಗೇ ಇರುತ್ತದೆ. ಎಳೆದ ಡಿಸ್ಕನ್ನು ಪುಣ್ಯಕ್ಕೆ ಯಾರೂ ಅಳಿಸಿರಲಿಲ್ಲ. ಅದನ್ನು ಮತ್ತೆ ಹಾಕಿ, ನಕ್ಷೆ ಮರಳಿಸುವ 'ವಿಜಿಸಿಎಫ್‌ಜಿರಿಸ್ಟೋರ್' ಕಮಾಂಡ್‌ಗೆ ಆ ಫೈಲ್ ಕೊಟ್ಟಾಗ ವಾಲ್ಯೂಮ್ ಮರಳಿತು. ಮೊದಲು ರೀಡ್ ಓನ್ಲಿ ಆಗಿ ಮೌಂಟ್ ಮಾಡಿ ನೋಡಿದೆವು. ಮಧ್ಯೆ ಯಾರಾದರೂ ಆ ಜಾಗದಲ್ಲಿ ಹೊಸ ವಾಲ್ಯೂಮ್ ಮಾಡಿ ಬರೆದಿದ್ದರೆ ಇದು ಆಗುತ್ತಿರಲಿಲ್ಲ. ಎಸ್‌ಎಸ್‌ಡಿ ಇದ್ದು, ಎಲ್‌ವಿಎಂ ಸೆಟ್ಟಿಂಗ್‌ನಲ್ಲಿ 'ಇಶ್ಯೂ ಡಿಸ್ಕಾರ್ಡ್ಸ್' ಆನ್ ಇದ್ದರೂ ಅಷ್ಟೇ. ವಾಲ್ಯೂಮ್ ತೆಗೆದ ಕ್ಷಣವೇ ಅದರ ಬ್ಲಾಕ್‌ಗಳನ್ನು ಖಾಲಿ ಅಂತ ಡಿಸ್ಕ್‌ಗೆ ಹೇಳಿಬಿಡುತ್ತದೆ.

ಇನ್ನೊಂದು ಮಾತು. ಈ ನಕ್ಷೆಯಲ್ಲಿ ಡೇಟಾ ಇರುವುದಿಲ್ಲ. ಹೊಸ ಡಿಸ್ಕ್‌ಗೆ 'ಪಿವಿಕ್ರಿಯೇಟ್' ಕಮಾಂಡ್‌ನಿಂದ ಹಳೆಯ ಯುಯುಐಡಿ ಕೊಟ್ಟು ಈ ನಕ್ಷೆಯನ್ನು ಮರಳಿಸಿದರೆ ವಾಲ್ಯೂಮ್ ಕಾಣಿಸುತ್ತದೆ, ಆದರೆ ಆ ಡಿಸ್ಕ್‌ನ ಭಾಗ ಖಾಲಿಯೇ. ಅದರ ಮೇಲೆ ಫೈಲ್ ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಿದರೆ ಉಳಿದದ್ದೂ ಹಾಳಾಗಬಹುದು.

ನಿಜವಾಗಿ ಕೆಟ್ಟ ಡಿಸ್ಕ್‌ನಿಂದ 'ಪಿವಿಮೂವ್' (ಡೇಟಾವನ್ನು ಬೇರೆ ಡಿಸ್ಕ್‌ಗೆ ಸರಿಸುವ ಕಮಾಂಡ್) ಮಾಡಲು ಹೋದರೆ ಓದಲಾಗದ ಸೆಕ್ಟರ್ ಬಂದಲ್ಲಿ ನಿಂತಿತು. ಆಗ ವಾಲ್ಯೂಮ್‌ಗಳನ್ನು ನಿಲ್ಲಿಸಿ, ಕೆಟ್ಟ ಡಿಸ್ಕ್‌ನಿಂದ ಓದಲಾದಷ್ಟನ್ನು ನಕಲಿಸುವ 'ಡಿಡಿರೆಸ್ಕ್ಯೂ'ನಿಂದ, ಎಲ್ಲೆಲ್ಲಿ ಓದಲಾಯಿತು ಅಂತ ದಾಖಲಿಸುವ ಮ್ಯಾಪ್ ಫೈಲ್ ಇಟ್ಟುಕೊಂಡು ಇಡೀ ಡಿಸ್ಕನ್ನು ಹೊಸದಕ್ಕೆ ನಕಲು ಮಾಡಿದೆವು. ನಕಲಾದ ಮೇಲೆ ಎರಡಕ್ಕೂ ಒಂದೇ ಯುಯುಐಡಿ ಇರುತ್ತದೆ. ಹಾಗಾಗಿ ಹಳೆಯದನ್ನು ಹೊರತೆಗೆದೇ ವಾಲ್ಯೂಮ್ ಗ್ರೂಪ್ ಆನ್ ಮಾಡಬೇಕು. ಹಾಳಾಗಿದ್ದ ಕೆಲವು ಫೈಲ್‌ಗಳು ಬ್ಯಾಕಪ್‌ನಿಂದ ಬಂದವು.

ಡಿಸ್ಕ್ ಮುಟ್ಟುವ ಮೊದಲು 'ಎಲ್‌ವಿಎಸ್' ಕಮಾಂಡ್‌ನಲ್ಲಿ ಡಿವೈಸಸ್ ಕಾಲಂ ತೆರೆದು ಯಾವ ವಾಲ್ಯೂಮ್ ಯಾವ ಡಿಸ್ಕ್ ಮೇಲಿದೆ ನೋಡಿ. 'ಎಲ್‌ಎಸ್‌ಬಿಎಲ್‌ಕೆ' ಕಮಾಂಡ್‌ಗೆ ಸೀರಿಯಲ್ ಕಾಲಂ ಕೇಳಿದರೆ ಸೀರಿಯಲ್ ನಂಬರ್ ಕೊಡುತ್ತದೆ. ಅದನ್ನು ಡಿಸ್ಕ್ ಮೇಲಿನ ಚೀಟಿಗೆ ಹೋಲಿಸಿ. ಆರ್ಕೈವ್‌ನ ಪ್ರತಿಯನ್ನು ಬೇರೆ ಯಂತ್ರದಲ್ಲಿ ಇಡಿ, ನಿಮ್ಮ ರೂಟ್ (ಆಪರೇಟಿಂಗ್ ಸಿಸ್ಟಮ್ ಇರುವ ಭಾಗ) ಕೂಡ ಅದೇ ಗ್ರೂಪ್‌ನಲ್ಲಿದ್ದರಂತೂ ತಪ್ಪದೆ ಇಡಿ.

ಈಗ ಮುಖ್ಯ ವಾಲ್ಯೂಮ್‌ಗಳನ್ನು 'ಎಲ್‌ವಿಕನ್ವರ್ಟ್' ಕಮಾಂಡ್‌ನಿಂದ ರೈಡ್ 1 (ಒಂದೇ ಡೇಟಾದ ಪ್ರತಿ ಬೇರೆ ಡಿಸ್ಕ್‌ನಲ್ಲೂ ಇರುವ ಮಾದರಿ) ಮಾಡಿದ್ದೇವೆ. ಅಲ್ಲಿ ಡಿಸ್ಕ್ ಸತ್ತರೆ ಹೊಸದನ್ನು ಗ್ರೂಪ್‌ಗೆ ಸೇರಿಸಿ, ಅದೇ ಕಮಾಂಡ್‌ಗೆ 'ರಿಪೇರ್' ಕೊಟ್ಟರೆ ಪ್ರತಿ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಎಲ್‌ವಿಎಂ ಮೂಲ ಸೆಟ್ಟಿಂಗ್‌ನಲ್ಲಿ ಡಿಸ್ಕ್ ಹೋದಾಗ ಲಾಗ್‌ನಲ್ಲಿ ಎಚ್ಚರಿಕೆ ಬರೆದು ಸುಮ್ನಾಗುತ್ತದೆ, ತಾನಾಗಿ ಬದಲಿಸುವುದಿಲ್ಲ. ಆ ಲಾಗ್ ಯಾರ ಮೊಬೈಲ್‌ಗೆ ಬರಬೇಕು ಅಂತ ಇವತ್ತೇ ತೀರ್ಮಾನಿಸಿ.