ಮೂರು ಸ್ಕೋಪ್, ಒಂದು ಕಲ್ಲುಕೋರೆ

ಹಿರಿಯಡಕದ ನಮ್ಮ ಮನೆಯ ಹಿಂದೆ ಮುರಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯೊಂದಿದೆ. ಮೂರು ಬದಿಗೂ ಎರಡಾಳೆತ್ತರದ ಗೋಡೆ. ಎದುರಿನ ಗೋಡೆಗೆ ಮರಳು ತುಂಬಿದ ಗೋಣಿಚೀಲ ಒಟ್ಟಿದರೆ ಐವತ್ತು ಮೀಟರ್ ದೂರದ ಗುರಿ ಅಭ್ಯಾಸಕ್ಕೆ ಅದಕ್ಕಿಂತ ಸುರಕ್ಷಿತ ಜಾಗ ಬೇರೆ ಬೇಡ. ಕಳೆದ ನವೆಂಬರಿನಿಂದ ಮೇ ಕೊನೆಯವರೆಗೆ ಅಲ್ಲಿ ಒಂದೇ ಏರ್ ರೈಫಲಿನ ಮೇಲೆ, ಗುರಿಯನ್ನು ಹಿಗ್ಗಿಸಿ ತೋರಿಸುವ ಮೂರು ಸ್ಕೋಪ್‌ಗಳನ್ನು ಬದಲಿಸುತ್ತಾ ಹೊಡೆದೆ. ಎರಡು ನಾನೇ ಕೊಂಡವು. ಮೂರನೆಯದು ಮಣಿಪಾಲದಲ್ಲಿರುವ ಭಾವನದು. ಅವರು ಅದನ್ನು ಕೊಟ್ಟದ್ದೇ, "ಇದರಲ್ಲಿ ಹೊಡೆದ ಮೇಲೆ ನಿನ್ನದನ್ನು ನೀನೇ ಮಾರುತ್ತೀ ಮಾರಾಯ" ಎಂಬ ಮಾತಿನೊಂದಿಗೆ.

ಐವತ್ತು ಮೀಟರ್ ಒಂದು ದೂರವೇ ಎಂದು ದೊಡ್ಡ ಬಂದೂಕು ಹಿಡಿದವರು ನಗಬಹುದು. ನನ್ನದು 4.5 ಮಿಲಿಮೀಟರಿನ, ಸ್ಪ್ರಿಂಗಿನ ಒತ್ತಡದಲ್ಲಿ ಹಾರಿಸುವ ರೈಫಲು. ಶಕ್ತಿ ಸುಮಾರು 11 ಜೂಲ್. ಅರ್ಧ ಗ್ರಾಮಿನ ಸೀಸದ ಪೆಲೆಟ್ ಸೆಕೆಂಡಿಗೆ 210 ಮೀಟರ್ ವೇಗದಲ್ಲಿ ಹೊರಟು ದಾರಿಯುದ್ದಕ್ಕೂ ಸೊರಗುತ್ತದೆ. ಇಪ್ಪತ್ತೈದು ಮೀಟರಿಗೆ ಗುರಿ ಹೊಂದಿಸಿ ಹಾಗೆಯೇ ಐವತ್ತಕ್ಕೆ ಹೊಡೆದರೆ ಅದು ಹದಿನೇಳು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಬಾಳೆಯ ಎಲೆ ಅಲುಗುವಷ್ಟು ಕಡಲಗಾಳಿ ಅಡ್ಡಕ್ಕೆ ಬಂದರೂ ಸಾಕು, ಒಂದು ಅಂಗೈ ಅಗಲ ಪಕ್ಕಕ್ಕೆ ಸರಿಯುತ್ತದೆ. ಈ ಜಾತಿಯ ಬಂದೂಕಿಗೆ ಐವತ್ತು ಮೀಟರ್ ನಿಜವಾಗಿಯೂ ದೂರವೇ.

ಕಾನೂನಿನ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ, ಏಕೆಂದರೆ ಊರಿನಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರ್ (ಅಂಗುಲದಲ್ಲಿ ನಳಿಗೆಯ ಒಳಅಗಲ, ಅಂದರೆ ಅದೇ 4.5 ಮಿಲಿಮೀಟರ್) ಮತ್ತು 20 ಜೂಲ್ ಮೀರದ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ. ಆದರೆ ಅದನ್ನು ಹಿಡಿದು ಹಕ್ಕಿಯ ಹಿಂದೆ ಹೋದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾದಿರುತ್ತದೆ. ನಾನು ಹೊಡೆಯುವುದು ಕಾಗದಕ್ಕೆ ಮತ್ತು ಹಾಳಾದ ಅಡಿಕೆಗೆ ಮಾತ್ರ.

ಸ್ಕೋಪ್‌ಗಳನ್ನು ನಮ್ಮವರು ಸಂಖ್ಯೆಯಿಂದಲೇ ಕರೆಯುತ್ತಾರೆ. ಮೊದಲನೆಯದು ಮೂರು-ಒಂಬತ್ತು: ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ, 40 ಮಿಲಿಮೀಟರಿನ ಮುಂಗಾಜಿನದು, ನಾನು ಕೊಟ್ಟದ್ದು 2,800 ರೂಪಾಯಿ. ಎರಡನೆಯದು ನಾಲ್ಕು-ಹನ್ನೆರಡು, ಮುಂಗಾಜಿನ ಸುತ್ತ ದೂರ ಹೊಂದಿಸುವ ಬಳೆ ಇರುವಂಥದ್ದು, 8,500 ರೂಪಾಯಿ. ಭಾವನದು ಆರು-ಇಪ್ಪತ್ತನಾಲ್ಕು, 50 ಮಿಲಿಮೀಟರಿನ ಗಾಜು, ಪಕ್ಕದಲ್ಲಿ ದೂರದ ಚಕ್ರ, ತೂಕ ಮುಕ್ಕಾಲು ಕಿಲೋಗಿಂತ ಹೆಚ್ಚು, ಬೆಲೆ 31,000. ಅದನ್ನು ಏರಿಸಿದ ದಿನ ರೈಫಲು ಹೆಗಲಿಗೆ ತೆಂಗಿನ ಗೊನೆಯಂತೆ ಕೂತಿತು.

ಮೊದಲ ಪರೀಕ್ಷೆಗೆ ಗುಂಡೇ ಬೇಡ. ಇಪ್ಪತ್ತೈದು ಮೀಟರ್ ದೂರದಲ್ಲಿ ದಾರಕ್ಕೆ ಒಂದು ಚಾಲಿ ಅಡಿಕೆ ಕಟ್ಟಿ, ರೈಫಲನ್ನು ಮರಳುಚೀಲದ ಮೇಲೆ ಅಲುಗದಂತೆ ಕೂರಿಸಿ, ಅದನ್ನು ಮುಟ್ಟದೆ ಕಣ್ಣನ್ನು ಮಾತ್ರ ಮೇಲೆ ಕೆಳಗೆ ಸರಿಸಿ ನೋಡಿದೆ. ಮೂರು-ಒಂಬತ್ತರಲ್ಲಿ ಗುರಿ ಹಿಡಿಯುವ ಅಡ್ಡ-ನೆಟ್ಟಗಿನ ಗೆರೆ, ಅಂದರೆ ಕ್ರಾಸ್‌ಹೇರ್ ಅಡಿಕೆಯ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ತೇಲಾಡುತ್ತಿತ್ತು. ಇದೇ ಪ್ಯಾರಲಾಕ್ಸ್. ಅಗ್ಗದ ಸ್ಕೋಪ್‌ಗಳನ್ನು ಕಾರ್ಖಾನೆಯಲ್ಲೇ ನೂರು ಗಜಕ್ಕೆ, ಅಂದರೆ 91 ಮೀಟರಿಗೆ, ಹೊಂದಿಸಿ ಭದ್ರ ಮಾಡಿರುತ್ತಾರೆ. ಅದಕ್ಕಿಂತ ಹತ್ತಿರದ ವಸ್ತುವಿನ ಬಿಂಬವೂ ಗೆರೆಯೂ ಒಂದೇ ತಲದಲ್ಲಿ ಕೂರುವುದಿಲ್ಲ. ಕೆನ್ನೆ ಪ್ರತಿಸಲ ಒಂದೇ ಕಡೆ ತಾಗದಿದ್ದರೆ ಗುರಿ ಜಾರುತ್ತದೆ. ಲೆಕ್ಕ ಹಾಕಿದರೆ ನನ್ನ ಸ್ಕೋಪಿನಲ್ಲಿ ಇಪ್ಪತ್ತೈದು ಮೀಟರಿಗೆ ಹದಿನಾಲ್ಕು ಮಿಲಿಮೀಟರಿನವರೆಗೆ ತಪ್ಪು ಸಾಧ್ಯ. ಎಷ್ಟೋ ತಿಂಗಳು ನನ್ನ ಬೆರಳನ್ನೇ ಬೈದುಕೊಂಡಿದ್ದೆನಲ್ಲ ಎಂದು ಆ ದಿನ ನಗು ಬಂತು.

ಉಳಿದ ಎರಡರಲ್ಲಿ ಬಳೆ ಅಥವಾ ಚಕ್ರ ತಿರುಗಿಸಿದಾಗ ಗೆರೆ ಅಡಿಕೆಯ ಮೇಲೆ ಹೊಲಿದಂತೆ ನಿಂತಿತು. ವ್ಯತ್ಯಾಸ ಅನುಕೂಲದಲ್ಲಿದೆ. ನಾಲ್ಕು-ಹನ್ನೆರಡರ ಬಳೆ ಮುಂದಿರುವುದರಿಂದ ಭಂಗಿ ಮುರಿದು ಕೈ ಚಾಚಬೇಕು. ಭಾವನದರ ಚಕ್ರ ಕೆನ್ನೆ ಎತ್ತದೆಯೇ ಎಡಗೈಗೆ ಸಿಗುತ್ತದೆ. ದೂರದ ಅಂಕಿಗಳನ್ನು ಮಾತ್ರ ಎರಡರಲ್ಲೂ ನಂಬಲಾಗಲಿಲ್ಲ. ನನ್ನ ಬಳೆಯಲ್ಲಿ ಐವತ್ತು ಎಂದು ಕೊರೆದ ಕಡೆ ನಿಜಕ್ಕೂ ಸ್ಪಷ್ಟವಾಗುವುದು ನಲವತ್ತರ ಗುರಿ. ಅಕ್ಕನ ಉಗುರುಬಣ್ಣ ತಂದು ನನ್ನದೇ ಗುರುತು ಹಾಕಿಕೊಂಡೆ.

ಮೂರು-ಒಂಬತ್ತರ ಕತೆ ಜನವರಿಯಲ್ಲೇ ಮುಗಿಯಿತು. ಗುಂಡು ಸಿಡಿಯುವ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗಿನ ಏರ್‌ಗನ್ ಮೊದಲು ಹಿಂದಕ್ಕೆ ಸರಿದು, ಪಿಸ್ಟನ್ ಕೊನೆ ಮುಟ್ಟಿದ ಕೂಡಲೇ ಮುಂದಕ್ಕೆ ಕುಕ್ಕುತ್ತದೆ. ಒಂದೇ ದಿಕ್ಕಿನ ಪೆಟ್ಟಿಗೆಂದು ಒಳಗಿನ ಗಾಜುಗಳನ್ನು ಬಿಗಿದ ಸ್ಕೋಪ್ ಈ ಎರಡನೆಯ ಕುಕ್ಕಿಗೆ ಸಡಿಲಾಗುತ್ತದೆ. ದೊಡ್ಡ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪ್ ಮಕ್ಕಳಾಟದಂತೆ ಕಾಣುವ ಏರ್‌ಗನ್ ಮೇಲೆ ಸಾಯುವುದು ಹೀಗೆ. ಸುಮಾರು ನಾನೂರು ಪೆಲೆಟ್‌ಗಳ ನಂತರ ನನ್ನದರ ನೆಟ್ಟಗಿನ ಗೆರೆ ಗಡಿಯಾರದ ಮುಳ್ಳಿನಂತೆ ಓರೆಯಾಯಿತು. ಈಗ ಅದು ಜಗಲಿಯ ಕಿಟಕಿಯಲ್ಲಿದೆ. ಮೇಲಿನ ಗೊನೆಯಲ್ಲಿ ಕಾಯಿ ಬಲಿತಿದೆಯೇ ಎಂದು ಅಮ್ಮ ಅದರಲ್ಲಿ ನೋಡುತ್ತಾರೆ. ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು ಸ್ಪ್ರಿಂಗ್ ಏರ್‌ಗನ್ನಿಗೆ ಆಗುತ್ತದೆಯೇ ಎಂದು. ನಾನು ಕೇಳಲಿಲ್ಲ.

ಇನ್ನು ಉಳಿದ ಇಬ್ಬರ ಜಗಳ. ಟರೆಟ್‌ಗಳ (ಗುರಿಯ ಗೆರೆಯನ್ನು ಒಂದೊಂದೇ ಕ್ಲಿಕ್ಕಿನ ಹಂತದಲ್ಲಿ ಸರಿಸುವ ತಿರುಗುಗುಬ್ಬಿಗಳ) ಪ್ರಾಮಾಣಿಕತೆ ನೋಡಲು ಚೌಕ ಹೊಡೆದೆ: ಒಂದು ಗುಂಡು, ಇಪ್ಪತ್ತು ಕ್ಲಿಕ್ ಮೇಲೆ, ಇನ್ನೊಂದು ಗುಂಡು, ಇಪ್ಪತ್ತು ಬಲಕ್ಕೆ, ಹೀಗೆ ಸುತ್ತಿ ಹೊರಟಲ್ಲಿಗೇ ಮರಳುವುದು. ಭಾವನದರಲ್ಲಿ ಕ್ಲಿಕ್ಕಿಗೆ 0.1 ಮಿಲ್, ಅಂದರೆ ನೂರು ಮೀಟರಿನಲ್ಲಿ ಒಂದು ಸೆಂಟಿಮೀಟರ್, ನಮ್ಮ ಐವತ್ತರಲ್ಲಿ ಐದು ಮಿಲಿಮೀಟರ್. ಲೆಕ್ಕ ಬಾಯಿಯಲ್ಲೇ ಆಗುತ್ತದೆ. ಹದಿನೇಳು ಸೆಂಟಿಮೀಟರ್ ಏರಿಸಲು ಮೂವತ್ತನಾಲ್ಕು ಕ್ಲಿಕ್. ಮರಳಿ ಬಂದ ಗುಂಡು ಮೊದಲ ತೂತನ್ನೇ ಹಿರಿದು ಮಾಡಿತು. ನನ್ನದರಲ್ಲಿ ಕಾಲು ಮಿನಿಟಿನ (ಸಮಯದ್ದಲ್ಲ, ಕೋನದ ಮಿನಿಟು, ಡಿಗ್ರಿಯ ಅರವತ್ತನೇ ಒಂದು ಪಾಲು) ಕ್ಲಿಕ್, ಅದೇ ಏರಿಕೆಗೆ ನಲವತ್ತೇಳು ಬೇಕು, ಮತ್ತು ಮರಳಿ ಬಂದಾಗ ಆರು ಮಿಲಿಮೀಟರ್ ಆಚೆ ಬಿತ್ತು. ಇನ್ನೆರಡು ಸಲ ಮಾಡಿದೆ, ಅದೇ ಕತೆ. ಇಲ್ಲಿ ಹಣ ಮಾತಾಡಿತು, ಒಪ್ಪಿಕೊಂಡೆ.

ಒಳಗಿನ ಗೆರೆಗಳಲ್ಲೂ ಭಾವನದು ಬುದ್ಧಿವಂತ. ಅದರ ಗೆರೆ ಮುಂದಿನ ತಲದಲ್ಲಿದೆ, ಚಿತ್ರದೊಂದಿಗೆ ತಾನೂ ಹಿಗ್ಗಿ ಕುಗ್ಗುತ್ತದೆ. ಯಾವ ಪಟ್ಟಿನಲ್ಲಿ ಹೊಡೆದರೂ ಗೆರೆಯ ಮೇಲಿನ ಅಳತೆ ಸುಳ್ಳಾಗುವುದಿಲ್ಲ. ನನ್ನದರ ಗೆರೆ ಹಿಂದಿನ ತಲದ್ದು, ಹನ್ನೆರಡರಲ್ಲಿ ಮಾತ್ರ ಅಳತೆ ಸರಿ, ಆರಕ್ಕೆ ಇಳಿಸಿದರೆ ಅದೇ ಅಂತರ ಎರಡರಷ್ಟಾಗುತ್ತದೆ. ಆದರೆ ಆರು ಪಟ್ಟಿನಲ್ಲಿ ಭಾವನ ಸ್ಕೋಪಿನ ಗೆರೆ ಜೇಡನ ನೂಲಿನಂತೆ ತೆಳುವಾಗಿ, ಕೋರೆಯ ಕೆಂಪು ನೆರಳಿನಲ್ಲಿ ಕಾಣೆಯಾಗುತ್ತಿತ್ತು. ನನ್ನದರ ದಪ್ಪ ಗೆರೆ ಎಲ್ಲೂ ಕಳೆದುಹೋಗಲಿಲ್ಲ.

ಇಪ್ಪತ್ತನಾಲ್ಕು ಪಟ್ಟು ಎಂಬುದು ಎಂಥ ಆಸೆಯೋ! ಚಳಿಗಾಲದ ಬೆಳಗ್ಗೆ ಏಳರ ಹೊತ್ತಿಗೆ, ಬೆಂಚಿನ ಮೇಲೆ ಚೀಲವಿಟ್ಟು ನೋಡಿದರೆ ಐವತ್ತು ಮೀಟರಿನ ಕಾಗದದಲ್ಲಿ ಪ್ರತಿ ತೂತೂ ಎಣಿಸಲು ಸಿಗುತ್ತದೆ. ಎದ್ದು ಹೋಗಿ ನೋಡುವ ಕೆಲಸವೇ ಇಲ್ಲ. ಹತ್ತೂವರೆ ದಾಟಿತೆಂದರೆ ಕಾದ ಮುರಕಲ್ಲಿನಿಂದ ಝಳ ಎದ್ದು ಗುರಿ ನೀರಿನಲ್ಲಿ ಅದ್ದಿದಂತೆ ಕುಣಿಯತೊಡಗುತ್ತದೆ. ಪಟ್ಟು ಹೆಚ್ಚಿದಷ್ಟೂ ಕುಣಿತ ಹೆಚ್ಚು, ಅದರ ಜೊತೆ ನನ್ನ ನಾಡಿಮಿಡಿತವೂ. ನೋಡುತ್ತಾ ಕೂತರೆ ಟ್ರಿಗರ್ ಒತ್ತಲು ಧೈರ್ಯವೇ ಬಾರದು. ಕೊನೆಗೆ ಹದಿನಾಲ್ಕಕ್ಕೆ ಇಳಿಸಿಯೇ ಹೊಡೆಯುತ್ತಿದ್ದೆ. ಸಂಜೆಯೂ ಇದೇ. ಮುಂಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ: ಇಪ್ಪತ್ತನಾಲ್ಕರಲ್ಲಿ ಬರೇ 2.1 ಮಿಲಿಮೀಟರ್, ನನ್ನದರ ಹನ್ನೆರಡರಲ್ಲಿ 3.3. ಡಿಸೆಂಬರಿನ ಆರೂಕಾಲಕ್ಕೆ ದುಬಾರಿ ಗಾಜು ಮಬ್ಬಾಗಿ, ಅಗ್ಗದ್ದು ಇನ್ನೂ ಕಾಣಿಸುತ್ತಿತ್ತು. ಭಾವನೆದುರು ಇದನ್ನು ಎರಡು ಸಲ ತೋರಿಸಿದೆ. "ಪಟ್ಟು ಇಳಿಸಿ ನೋಡು" ಎಂದರು. ಇಳಿಸಿದರೆ ಅವರದೇ ಮೇಲು, ಅದೂ ನಿಜ.

ಐದೈದು ಗುಂಡಿನ ಹತ್ತು ಗುಂಪು ಹೊಡೆದು, ಗುಂಪಿನ ಎರಡು ತುದಿಯ ತೂತುಗಳ ನಡುವಿನ ದೂರ ಅಳೆದು ಸರಾಸರಿ ತೆಗೆದೆ. ಐವತ್ತು ಮೀಟರಿನಲ್ಲಿ ನಾಲ್ಕು-ಹನ್ನೆರಡಕ್ಕೆ 41 ಮಿಲಿಮೀಟರ್. ಆರು-ಇಪ್ಪತ್ತನಾಲ್ಕಕ್ಕೆ ಪೂರ್ತಿ ಪಟ್ಟಿನಲ್ಲಿ 39, ಹದಿನಾಲ್ಕರಲ್ಲಿ 37. ಮುರಿಯುವ ಮೊದಲು ಮೂರು-ಒಂಬತ್ತು ಕೊಟ್ಟದ್ದು 58. ಒಂದು ದಿನದಿಂದ ಇನ್ನೊಂದು ದಿನಕ್ಕೆ ನನ್ನ ಕೈಯೇ ಐದಾರು ಮಿಲಿಮೀಟರ್ ಹೆಚ್ಚುಕಡಿಮೆ ಮಾಡುತ್ತದೆ. ಆದ್ದರಿಂದ ನಾಲ್ಕು-ಹನ್ನೆರಡು ಮತ್ತು ಆರು-ಇಪ್ಪತ್ತನಾಲ್ಕರ ನಡುವಿನ ವ್ಯತ್ಯಾಸವನ್ನು ವ್ಯತ್ಯಾಸವೆಂದು ಕರೆಯಲಾರೆ. ಪ್ಯಾರಲಾಕ್ಸ್ ಸರಿಮಾಡಿದ್ದರಿಂದ ಸಿಕ್ಕಿದ ಲಾಭ ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ನಮ್ಮ ಕರಾವಳಿಯ ಪರೀಕ್ಷೆ ಮೇ ತಿಂಗಳಲ್ಲಿ ಬಂತು. ಮಳೆಗೆ ಮುಂಚಿನ ಸೆಕೆಯಲ್ಲಿ ಒಂದು ರಾತ್ರಿ ಎರಡನ್ನೂ ಜಗಲಿಯಲ್ಲಿ ಮರೆತಿದ್ದೆ. ಬೆಳಗ್ಗೆ ನನ್ನದರ ಒಳಗಾಜಿನ ಅಂಚಿನಲ್ಲಿ ಹಬೆ ಕೂತಿತ್ತು. ಬಳೆಯ ಸಂದಿನಿಂದ ತೇವ ಒಳಹೊಕ್ಕಿರಬೇಕು ಎಂಬುದು ನನ್ನ ಊಹೆ. ಭಾವನದು ಒಳಗೆ ಒಣಗಿತ್ತು. ಇಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆಲ್ಲ ಗಾಜಿಗೆ ಬೂಸ್ಟು ಹಿಡಿಯುವ ಭಯ ಗೊತ್ತಿದೆ. ಅಕ್ಕಿಯ ಡಬ್ಬಿಯಲ್ಲಿ ಹೂತಿಡಲು ಹೋದರೆ ಅಮ್ಮ ಬಿಡಲಿಲ್ಲ. ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ತಂದೆ. ನಾಲ್ಕು ದಿನದಲ್ಲಿ ಹಬೆ ಹೋಯಿತು.

ಜೂನ್ ಮೊದಲ ವಾರ ಭಾವನ ಸ್ಕೋಪನ್ನು ಮಣಿಪಾಲಕ್ಕೆ ಮುಟ್ಟಿಸಿದೆ. ಅವರು ಮುಂದೆ ಗಾಳಿ ತುಂಬಿಸಿಡುವ ಸಿಲಿಂಡರಿನ ರೈಫಲು ಕೊಳ್ಳುವ ಯೋಚನೆಯಲ್ಲಿದ್ದಾರೆ. ಅದರಲ್ಲಿ ಕುಕ್ಕು ಇಲ್ಲ, ಗುಂಪು ಇದರ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ, ಅಂಥದರ ಮೇಲೆ ಆ ನಿಖರ ಕ್ಲಿಕ್‌ಗಳಿಗೆ ಕೆಲಸವಿದೆ. ನನ್ನ ಸ್ಪ್ರಿಂಗ್ ರೈಫಲಿಗೆ ನಾಲ್ಕು-ಹನ್ನೆರಡೇ ಇರಲಿ ಎಂದು ನಿರ್ಧರಿಸಿದ್ದೇನೆ. ಟರೆಟ್ ಮುಟ್ಟದೆ ಗೆರೆಯ ಗುರುತಿನಿಂದಲೇ ಎತ್ತರ ಹಿಡಿದು ಹೊಡೆಯುತ್ತೇನೆ, ಹಾಗಾಗಿ ಅದರ ಆರು ಮಿಲಿಮೀಟರಿನ ಸುಳ್ಳು ನನ್ನನ್ನು ಬಾಧಿಸುವುದಿಲ್ಲ. ಕೋರೆಯಲ್ಲಿ ಈಗ ಮೊಣಕಾಲುದ್ದ ನೀರು ನಿಂತಿದೆ. ಅಕ್ಟೋಬರಿನವರೆಗೆ ಸ್ಕೋಪ್ ಡಬ್ಬಿಯಲ್ಲೇ ಇರುತ್ತದೆ.