ಸೀರೀಸ್ ಹೈಬ್ರಿಡ್: ಮೂರು ಎಂಜಿನ್‌ಗಳನ್ನು ಓಡಿಸಿ ನೋಡಿದ ಹೋಲಿಕೆ

ಸೀರೀಸ್ ಹೈಬ್ರಿಡ್ ಕಾರಿನಲ್ಲಿ ಎಂಜಿನ್‌ಗೂ ಚಕ್ರಕ್ಕೂ ನೇರ ಸಂಬಂಧವಿರುವುದಿಲ್ಲ. ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಜನರೇಟರ್ ವಿದ್ಯುತ್ ಕೊಡುತ್ತದೆ, ಆ ವಿದ್ಯುತ್ತಿನಿಂದ ಮೋಟಾರು ಚಕ್ರವನ್ನು ಓಡಿಸುತ್ತದೆ. ಆದ್ದರಿಂದ ಇಂಥ ಎಂಜಿನನ್ನು ಮಾಮೂಲಿ ಕಾರಿನ ಎಂಜಿನಿನಂತೆ ಅಶ್ವಶಕ್ತಿ ನೋಡಿ ಅಳೆದರೆ ಲೆಕ್ಕ ತಪ್ಪುತ್ತದೆ. ಅದು ಎಷ್ಟು ಹೊತ್ತು, ಎಷ್ಟು ವಿದ್ಯುತ್ತನ್ನು ಎಡೆಬಿಡದೆ ಕೊಡಬಲ್ಲದು ಎಂಬುದು ಮೊದಲ ಪ್ರಶ್ನೆ. ದಿನಕ್ಕೆ ಎಷ್ಟು ಬಾರಿ ಪೂರ್ತಿ ಬಿಸಿಯಾಗುತ್ತದೆ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯನ್ನು ಕಾರು ಕೊಳ್ಳುವವರು ಕೇಳುವುದೇ ಇಲ್ಲ. ಬಾಳಿಕೆಯ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅನುಭವ.

ನಾನು ಓಡಿಸಿ ನೋಡಿದ್ದು ಮೂರು ಬಗೆಗಳನ್ನು. ಮೊದಲನೆಯದು ಬಿಎಂಡಬ್ಲ್ಯು ಐ3 ಕಾರಿನ ರೇಂಜ್ ಎಕ್ಸ್‌ಟೆಂಡರ್ ಮಾದರಿ (ಬ್ಯಾಟರಿ ಬರಿದಾದರೂ ಮುಂದೆ ಸಾಗಲೆಂದು ಸಣ್ಣ ಎಂಜಿನ್ ಇಟ್ಟದ್ದು), ಎರಡನೆಯದು ನಿಸಾನ್ ನೋಟ್ ಇ-ಪವರ್, ಮೂರನೆಯದು ಮಜ್ದಾ ಎಂಎಕ್ಸ್-30 ಆರ್-ಇವಿ. ಮೂರನ್ನೂ ನಿಂತು ಹೊರಡುವ ಪೇಟೆಯ ಸಂಚಾರದಲ್ಲಿ, ಗಂಟೆಗೆ 100 ಕಿ.ಮೀ. ವೇಗದ ಹೆದ್ದಾರಿಯಲ್ಲಿ ಮತ್ತು ಉದ್ದನೆಯ ಏರಿಳಿತದ ಬೆಟ್ಟದ ದಾರಿಯಲ್ಲಿ ಓಡಿಸಿದೆ.

ಐ3 ಕಾರಿನ ಎಂಜಿನ್ 647 ಸಿಸಿಯ ಎರಡು ಸಿಲಿಂಡರಿನದು. ಬಿಎಂಡಬ್ಲ್ಯುವಿನ ಸಿ650 ಜಿಟಿ ಸ್ಕೂಟರಿನಲ್ಲಿ 44 ಕಿಲೋವ್ಯಾಟ್ ಕೊಡುತ್ತಿದ್ದ ಈ ಎಂಜಿನನ್ನು ಇಲ್ಲಿ 25 ಕಿಲೋವ್ಯಾಟ್‌ಗೆ ಇಳಿಸಿ, ಹಿಂಬದಿಯಲ್ಲಿ ಮೋಟಾರಿನ ಪಕ್ಕಕ್ಕೆ ಕೂರಿಸಿದ್ದಾರೆ. ಮೋಟಾರಿನ ಶಕ್ತಿ 125 ಕಿಲೋವ್ಯಾಟ್, ಪೆಟ್ರೋಲ್ ಟ್ಯಾಂಕು 9 ಲೀಟರಿನದು. 2013ರಲ್ಲಿ ಬಂದಾಗ ಬ್ಯಾಟರಿ 22 ಕಿಲೋವ್ಯಾಟ್ ಅವರ್‌ನದ್ದಾಗಿತ್ತು (ಅದರಲ್ಲಿ ಹಿಡಿಯುವ ವಿದ್ಯುತ್ತಿನ ಅಳತೆ), ಮುಂದೆ 33ಕ್ಕೆ ಏರಿತು. ಈ ಅಂಕಿಗಳನ್ನು ಒಟ್ಟಿಗೆ ನೋಡಿದರೆ ಕಾರಿನ ಉದ್ದೇಶ ತಿಳಿಯುತ್ತದೆ: ಇದು ಚಾರ್ಜ್ ಮಾಡಿ ಓಡಿಸಬೇಕಾದ ಕಾರು, ಎಂಜಿನ್ ಇರುವುದು ಆಪತ್ತಿಗೆ.

ನೋಟ್ ಇ-ಪವರ್ ಇದಕ್ಕೆ ತದ್ವಿರುದ್ಧ. 2016ರ ಕೊನೆಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಮಾದರಿಯಲ್ಲಿ 1198 ಸಿಸಿಯ ಮೂರು ಸಿಲಿಂಡರ್ ಎಂಜಿನ್ 58 ಕಿಲೋವ್ಯಾಟ್ ಕೊಡುತ್ತದೆ, ಮೋಟಾರು 80 ಕಿಲೋವ್ಯಾಟ್‌ನದು. ಬ್ಯಾಟರಿ ಮಾತ್ರ 1.47 ಕಿಲೋವ್ಯಾಟ್ ಅವರ್ ಅಷ್ಟೇ. ಹೊರಗಿನಿಂದ ಚಾರ್ಜ್ ಮಾಡುವ ಏರ್ಪಾಡಿಲ್ಲ, ಎಂಜಿನ್ ದಿನವೂ ದುಡಿಯಲೇಬೇಕು.

ಎಂಎಕ್ಸ್-30 ಇವೆರಡರ ನಡುವೆ ನಿಲ್ಲುತ್ತದೆ. 17.8 ಕಿಲೋವ್ಯಾಟ್ ಅವರ್ ಬ್ಯಾಟರಿ, 50 ಲೀಟರ್ ಟ್ಯಾಂಕ್, 125 ಕಿಲೋವ್ಯಾಟ್ ಮೋಟಾರು; ಎಂಜಿನ್ ಮಾತ್ರ ರೋಟರಿ, ಅಂದರೆ ಪಿಸ್ಟನ್ ಬದಲು ತ್ರಿಕೋನ ರೋಟರ್ ತಿರುಗುವಂಥದ್ದು; 830 ಸಿಸಿಯ ಒಂಟಿ ರೋಟರಿನದು. 2023ರಲ್ಲಿ ಬಂದ ಈ ಎಂಜಿನ್ 55 ಕಿಲೋವ್ಯಾಟ್ ಕೊಡುತ್ತದೆ. ಮಜ್ದಾ ರೋಟರಿ ಎಂಜಿನನ್ನು ಮತ್ತೆ ಕಾರಿಗೆ ಇಟ್ಟಿದ್ದು 2012ರಲ್ಲಿ ಆರ್‌ಎಕ್ಸ್-8 ನಿಂತ ಮೇಲೆ ಇದೇ ಮೊದಲು.

ಪೇಟೆಯ ಸಂಚಾರದಲ್ಲಿ ಮೂರೂ ಹಾಯಾಗಿ ಓಡುತ್ತವೆ, ಅಲ್ಲಿ ಹೆಚ್ಚು ಹೇಳುವುದಕ್ಕೇನೂ ಇಲ್ಲ. 2020ರ ಮೂರನೇ ತಲೆಮಾರಿನ ನೋಟ್ ಕಾರಿನ ಒಂದು ಜಾಣತನವನ್ನು ಮಾತ್ರ ಮೆಚ್ಚಲೇಬೇಕು. ರಸ್ತೆ ಒರಟಾಗಿ ಟೈರಿನ ಸದ್ದು ಹೆಚ್ಚಿದಾಗ ಅದನ್ನು ಗುರುತಿಸಿ, ಆ ಸದ್ದಿನ ಮರೆಯಲ್ಲಿ ಅದು ಎಂಜಿನ್ ಚಾಲೂ ಮಾಡಿ ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ನುಣುಪು ರಸ್ತೆಗೆ ಬಂದಾಗ ಎಂಜಿನ್ ಸುಮ್ಮನಾಗುತ್ತದೆ.

ನಿಜವಾದ ಪರೀಕ್ಷೆ ನಡೆಯುವುದು ಏರುದಾರಿಯಲ್ಲಿ. ನೂರು ಮೀಟರ್ ಸಾಗಿದರೆ ಆರು ಮೀಟರ್ ಏರುವ ದಾರಿಯಲ್ಲಿ, 1500 ಕೆ.ಜಿ. ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗ ಕಾಯ್ದುಕೊಳ್ಳಬೇಕಾದರೆ ಏರುವುದಕ್ಕೆಂದೇ ಸುಮಾರು 25 ಕಿಲೋವ್ಯಾಟ್ ಬೇಕು. ಗಾಳಿಯ ತಡೆಗೂ ಟೈರಿನ ಘರ್ಷಣೆಗೂ ಇನ್ನೊಂದು 15 ಕಿಲೋವ್ಯಾಟ್ ಸೇರಿಸಿದರೆ ಒಟ್ಟು 40 ಆಗುತ್ತದೆ. ಐ3 ಎಂಜಿನ್ ಕೊಡುವುದು 25. ಉಳಿದದ್ದು ಬ್ಯಾಟರಿಯಿಂದಲೇ ಬರಬೇಕು. ಬ್ಯಾಟರಿ ತಳ ಕಂಡ ಮೇಲೆ ವೇಗ ಇಳಿಯದೆ ಬೇರೆ ದಾರಿಯಿಲ್ಲ. ಇದು ದೋಷವಲ್ಲ, ಗಣಿತ. ಅಮೆರಿಕದಲ್ಲಿ ಮಾರಿದ ಕಾರುಗಳಲ್ಲಿ ಬ್ಯಾಟರಿ ನೂರಕ್ಕೆ ಆರೇಳರಷ್ಟು ಉಳಿದಾಗ ಮಾತ್ರ ಎಂಜಿನ್ ಚಾಲೂ ಆಗುವಂತೆ ಮಾಡಿದ್ದರಿಂದ ಅಲ್ಲಿನ ಮಾಲೀಕರಿಂದ ಈ ದೂರು ಹೆಚ್ಚಾಗಿ ಬಂತು. ಯುರೋಪಿನ ಮಾದರಿಯಲ್ಲಿ ಬ್ಯಾಟರಿ ನೂರಕ್ಕೆ 75ಕ್ಕಿಂತ ಕೆಳಗಿಳಿದ ಕೂಡಲೇ ಚಾಲಕನೇ ಎಂಜಿನ್ ಚಾಲೂ ಮಾಡಿ ಚಾರ್ಜ್ ಹಿಡಿದಿಟ್ಟುಕೊಳ್ಳಬಹುದು. ನಾನು ಓಡಿಸಿದ್ದು ಅಂಥ ಕಾರು. ಬೆಟ್ಟಕ್ಕೆ ಅರ್ಧ ಗಂಟೆ ಮೊದಲೇ ಎಂಜಿನ್ ಹಾಕಿಕೊಂಡು ಹೋದದ್ದರಿಂದ ನೆತ್ತಿಯವರೆಗೂ ವೇಗ ಕುಗ್ಗಲಿಲ್ಲ.

ಸುಮಾರು 1200 ಕೆ.ಜಿ.ಯ ನೋಟ್‌ಗೆ ಇದೇ ಏರಿನಲ್ಲಿ ಬೇಕಾಗುವುದು 35 ಕಿಲೋವ್ಯಾಟ್‌ನಷ್ಟು, ಎಂಜಿನ್ ಕೊಡುವುದು 58. ಸಮ ವೇಗದಲ್ಲಿ ಹೋದರೆ ಅದಕ್ಕೆ ಆಯಾಸವೇ ಇಲ್ಲ. ಆದರೆ ಪೂರ್ತಿ ಒತ್ತಿದ ಆಕ್ಸಿಲರೇಟರನ್ನು ಬಿಡದೆ ಹೋದರೆ ಅಷ್ಟು ಸಣ್ಣ ಬ್ಯಾಟರಿ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಆಸರೆ ಕೊಡಲಾರದು. ಎಂಎಕ್ಸ್-30 ಸುಮಾರು 1780 ಕೆ.ಜಿ.ಯ ಭಾರದ ಕಾರು. ಜನ, ಸಾಮಾನು ಸೇರಿದರೆ ಅದರ ಬೇಡಿಕೆ 48ರ ಸುತ್ತ ನಿಲ್ಲುತ್ತದೆ, ಎಂಜಿನ್ ಕೊಡುವುದು 55. ಪರಿವರ್ತನೆಯ ನಷ್ಟ ಕಳೆದರೆ ಉಳಿಯುವ ಅಂತರ ಬಹಳ ಕಡಿಮೆ, ಆದರೂ ಅದರ ಹಿಂದೆ ದೊಡ್ಡ ಬ್ಯಾಟರಿಯಿದೆ.

ಇಳಿಯುವಾಗ ನೋಟ್ ಒಂದು ವಿಚಿತ್ರ ತೋರಿಸುತ್ತದೆ. 1300 ಕೆ.ಜಿ. ತೂಕ 300 ಮೀಟರ್ ಕೆಳಗಿಳಿದರೆ ಸುಮಾರು ಒಂದು ಕಿಲೋವ್ಯಾಟ್ ಅವರ್ ಶಕ್ತಿ ಬಿಡುಗಡೆಯಾಗುತ್ತದೆ. ಅಷ್ಟರಲ್ಲಿ ಬ್ಯಾಟರಿ ತುಂಬಿ ಹೋಗುತ್ತದೆ. ಆಗ ಹೆಚ್ಚಾದ ವಿದ್ಯುತ್ತಿನಿಂದ ಜನರೇಟರೇ ಎಂಜಿನನ್ನು ಪೆಟ್ರೋಲಿಲ್ಲದೆ ತಿರುಗಿಸುತ್ತದೆ. ಕಾಲು ಬ್ರೇಕಿನ ಮೇಲಿದ್ದರೂ ಎಂಜಿನ್ ಗುಡುಗುವುದನ್ನು ಕೇಳಿ ಅನೇಕರು ಹೆದರಿ ಗ್ಯಾರೇಜಿಗೆ ಹೋಗುತ್ತಾರೆ. ಆ ಸದ್ದಿನಲ್ಲಿ ಯಾವ ತೊಂದರೆಯೂ ಇಲ್ಲ.

ಈಗ ಬಾಳಿಕೆಯ ವಿಷಯಕ್ಕೆ ಬರುತ್ತೇನೆ. ಈ ಮೂರಕ್ಕೂ ಮೊದಲು ಕೆಲವು ತಿಂಗಳು ನನ್ನ ಬಳಿ ಬೇರೊಂದು ಹೈಬ್ರಿಡ್ ಕಾರು ಇತ್ತು. ಅದನ್ನು ದಿನಕ್ಕೆ ನಾಲ್ಕೈದು ಕಿ.ಮೀ. ಮಾತ್ರ ಓಡಿಸುತ್ತಿದ್ದೆ. ಒಂದು ಚಳಿಯ ಬೆಳಿಗ್ಗೆ ಆಯಿಲ್ ಮುಚ್ಚಳ ಬಿಚ್ಚಿದಾಗ ಅದರ ಒಳಮೈಗೆ ಮಜ್ಜಿಗೆಯ ಬಣ್ಣದ ನೊರೆ ಮೆತ್ತಿಕೊಂಡಿತ್ತು. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ನೋಡಿದರೆ ಆಯಿಲ್ ಮೇಲಿನ ಗುರುತನ್ನೂ ದಾಟಿ ನಿಂತಿತ್ತು. ಬೆರಳಿಗೆ ಹಚ್ಚಿಕೊಂಡರೆ ನೀರಿನಷ್ಟು ತೆಳು, ಮೂಗಿಗೆ ಹಿಡಿದರೆ ಪೆಟ್ರೋಲಿನ ವಾಸನೆ. ಆಯಿಲ್ ಹಾಕದೆ ಆಯಿಲ್ ಹೆಚ್ಚಾಗಿತ್ತು. ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಆಯಿಲಿಗೆ ಸೇರದಂತೆ ತಡೆಯುವ ಪದರ) ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದರು. ಕೂಲೆಂಟ್ ಒಂದು ಹನಿಯೂ ಕಡಿಮೆಯಾಗಿರದ ಕಾರಣ ನಾನು ಒಪ್ಪಲಿಲ್ಲ. ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ವಾರಕ್ಕೊಮ್ಮೆ ನಲವತ್ತು ನಿಮಿಷ ಹೆದ್ದಾರಿಯಲ್ಲಿ ಓಡಿಸತೊಡಗಿದ ಮೇಲೆ ನೊರೆ ಮತ್ತೆ ಕಾಣಿಸಲಿಲ್ಲ.

ಆದದ್ದು ಇಷ್ಟು. ತಣ್ಣಗಿರುವ ಎಂಜಿನಿಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಅದರಲ್ಲಿ ಒಂದಿಷ್ಟು ಉರಿಯದೆ ಸಿಲಿಂಡರ್ ಗೋಡೆಯ ಮೇಲೆ ಹನಿಗಟ್ಟಿ, ಪಿಸ್ಟನ್ ರಿಂಗುಗಳ ಸಂದಿನಿಂದ ಆಯಿಲಿಗೆ ಇಳಿಯುತ್ತದೆ. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರಾವಿಯೂ ಒಳಗೇ ತಣಿದು ನೀರಾಗುತ್ತದೆ. ಎಂಜಿನ್ ಅರ್ಧ ಗಂಟೆ ಕಾದು ಓಡಿದರೆ ಎರಡೂ ಆವಿಯಾಗಿ ಹೊರಟು ಹೋಗುತ್ತವೆ. ಎರಡು ನಿಮಿಷ ಓಡಿ ಹತ್ತು ನಿಮಿಷ ನಿಲ್ಲುವ ಹೈಬ್ರಿಡ್ ಎಂಜಿನಿಗೆ ಆ ಅವಕಾಶವೇ ಸಿಗುವುದಿಲ್ಲ. ಮೀಟರಿನಲ್ಲಿ ಕಾಣುವ ಕಿ.ಮೀ. ನೋಡಿ ಆಯಿಲ್ ಬದಲಿಸುವವರು ಮೋಸ ಹೋಗುವುದು ಇಲ್ಲಿಯೇ. ತಿಂಗಳ ಲೆಕ್ಕದಲ್ಲಿ ಬದಲಿಸುವುದೇ ಸರಿ.

ಈ ದೃಷ್ಟಿಯಿಂದ ನೋಡಿದರೆ ದಿನವೂ ದುಡಿಯುವ ನೋಟ್ ಎಂಜಿನ್ ಮೂರರಲ್ಲಿ ಆರೋಗ್ಯವಾಗಿರುವ ಸಾಧ್ಯತೆ ಹೆಚ್ಚು. ಅದೂ ಸರಳ ಎಂಜಿನ್, ಟರ್ಬೊ ಇಲ್ಲ. ಐ3 ಎಂಜಿನ್ ತಿಂಗಳುಗಟ್ಟಲೆ ಮಲಗಿರಬಹುದು. ಅದಕ್ಕಾಗಿಯೇ ಬಹಳ ದಿನ ಬಳಸದಿದ್ದರೆ ತಾನಾಗಿ ಚಾಲೂ ಆಗಿ ಸ್ವಲ್ಪ ಹೊತ್ತು ಓಡುವ ವ್ಯವಸ್ಥೆ ಅದರಲ್ಲಿದೆ. ಪೆಟ್ರೋಲಿನ ಆವಿ ಹೊರಗೆ ಹೋಗದಂತೆ ಟ್ಯಾಂಕನ್ನು ಒತ್ತಡದಲ್ಲಿ ಮುಚ್ಚಿಟ್ಟಿರುವುದರಿಂದ ಬಂಕಿನಲ್ಲಿ ಗುಂಡಿ ಒತ್ತಿ, ಒತ್ತಡ ಇಳಿಯುವವರೆಗೆ ಕಾಯಬೇಕು. ಟ್ಯಾಂಕಿನ ಆವಿ ಕೊಳವೆ ಬ್ಯಾಟರಿ ತಂತಿಯ ಹೊದಿಕೆಗೆ ಉಜ್ಜಿ ಸವೆಯಬಹುದೆಂದು 2017ರಲ್ಲಿ ಅಮೆರಿಕದಲ್ಲಿ ಇದೇ ಮಾದರಿಯ ಕಾರುಗಳನ್ನು ವಾಪಸ್ ಕರೆಸಿ ಸರಿಪಡಿಸಲಾಯಿತು. ಹಳೆಯ ಕಾರು ಕೊಳ್ಳುವವರು ಆ ಕೆಲಸ ಆಗಿದೆಯೇ ಎಂದು ದಾಖಲೆ ನೋಡಬೇಕು.

ರೋಟರಿಯ ವಿಷಯ ಬೇರೆಯೇ. ಅದರ ದುರ್ಬಲ ಸ್ಥಳ ತ್ರಿಕೋನ ರೋಟರಿನ ಮೂರು ತುದಿಗಳಲ್ಲಿರುವ ಸೀಲುಗಳು. ಅವು ಸವೆದರೆ ಒತ್ತಡ ಸೋರಿ ಎಂಜಿನ್ ಬಸವಳಿಯುತ್ತದೆ. ಈ ಎಂಜಿನಿನಲ್ಲಿ ಸೀಲಿನ ದಪ್ಪವನ್ನು 2 ಮಿಲಿಮೀಟರಿನಿಂದ 2.5ಕ್ಕೆ ಹೆಚ್ಚಿಸಿದ್ದಾರೆ. ಸೀಲು ಒಣಗದಿರಲೆಂದು ಆಯಿಲನ್ನು ಒಳಗೆ ಬಿಡಲೇಬೇಕಾದ್ದರಿಂದ ಸ್ವಲ್ಪ ಆಯಿಲ್ ಉರಿಯುವುದು ರೋಟರಿಯ ಸಹಜ ಗುಣ. ದಹನಕೋಣೆ ಉದ್ದವಾಗಿ ಚಪ್ಪಟೆಯಾಗಿರುವುದರಿಂದ ಗೋಡೆಗೆ ಹೋಗುವ ಶಾಖ ಹೆಚ್ಚು, ಹಾಗಾಗಿ ಪೆಟ್ರೋಲ್ ಖರ್ಚೂ ಹೆಚ್ಚು. ಇದಕ್ಕೆ ಬದಲಾಗಿ ಸಿಗುವುದು ಗಾತ್ರದ ಉಳಿತಾಯ ಮತ್ತು ನಡುಕವಿಲ್ಲದ ಓಟ. ಮೂರು ಸಿಲಿಂಡರ್ ಎಂಜಿನ್ ಚಾಲೂ ಆಗುವಾಗ ಸೀಟಿಗೆ ಬರುವ ಸಣ್ಣ ಅದುರು ಇದರಲ್ಲಿ ಇಲ್ಲ, ಏಕಸಮನಾದ ಗುಂಯ್‌ಗುಡುವಿಕೆ ಮಾತ್ರ ಕೇಳಿಸುತ್ತದೆ.

ಹೆದ್ದಾರಿಯಲ್ಲೇ ಹೆಚ್ಚು ಓಡುವವರಿಗೆ ನಾನು ಈ ಮೂರರಲ್ಲಿ ಯಾವುದನ್ನೂ ಹೇಳಲಾರೆ. ವಿದ್ಯುತ್ತಾಗಿ, ಮತ್ತೆ ಚಲನೆಯಾಗಿ ಬದಲಾಗುವಷ್ಟರಲ್ಲಿ ಎಂಜಿನಿನ ಶಕ್ತಿಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಕಳೆದುಹೋಗುತ್ತದೆ. ಹೋಂಡಾದ ಇ:ಎಚ್‌ಇವಿ ಎಂಬ ಹೈಬ್ರಿಡ್ ಕಾರುಗಳಲ್ಲಿ ಹೆದ್ದಾರಿ ವೇಗದಲ್ಲಿ ಒಂದು ಕ್ಲಚ್ ಎಂಜಿನನ್ನು ನೇರವಾಗಿ ಚಕ್ರಕ್ಕೆ ಜೋಡಿಸಿ ಈ ನಷ್ಟವನ್ನು ತಪ್ಪಿಸುತ್ತದೆ.

ಎಲ್ಲ ಬಗೆಗಳಲ್ಲೂ ಕಾಣುವ ಇನ್ನೆರಡು ತೊಂದರೆಗಳಿವೆ. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದುವಂತೆ ಬದಲಿಸುವ ಇನ್ವರ್ಟರನ್ನೂ ಮೋಟಾರನ್ನೂ ತಣಿಸಲು ಪ್ರತ್ಯೇಕ ಕೂಲೆಂಟ್ ದಾರಿಯೂ ವಿದ್ಯುತ್ ಪಂಪೂ ಇರುತ್ತವೆ. ಕೂಲೆಂಟ್ ಬದಲಿಸಿದಾಗ ಗಾಳಿ ಪೂರ್ತಿ ಹೊರಹೋಗದಿದ್ದರೆ ಇನ್ವರ್ಟರ್ ಬಿಸಿಯಾಗಿ ಶಕ್ತಿ ಕಡಿತವಾಗುತ್ತದೆ. ಇನ್ನೊಂದು 12 ವೋಲ್ಟ್‌ನ ಸಣ್ಣ ಬ್ಯಾಟರಿ. ಅದು ಸೊರಗಿದರೆ ಸಂಬಂಧವೇ ಇಲ್ಲದ ಹತ್ತು ಎಚ್ಚರಿಕೆ ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ದೊಡ್ಡ ರಿಪೇರಿಗೆ ಒಪ್ಪುವ ಮೊದಲು ಅದರ ವೋಲ್ಟೇಜ್ ಅಳೆಸಬೇಕು.

ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿಲ್ಲದ ನಾನು ಕೊನೆಗೆ ಆರಿಸಿಕೊಂಡದ್ದು ಮೂರು ಸಿಲಿಂಡರಿನದನ್ನೇ. ಚಾರ್ಜ್ ಮಾಡಬಲ್ಲವರು ಹಳೆಯ ಐ3 ನೋಡಲು ಹೋದರೆ, ಬ್ಯಾಟರಿಯನ್ನು ನೂರಕ್ಕೆ 75ಕ್ಕಿಂತ ಕೆಳಗಿಳಿಸಿ ತರಲು ಮಾಲೀಕರಿಗೆ ಮೊದಲೇ ಹೇಳಿ, ಎಂಜಿನ್ ಹಾಕಿಸಿ ಅರ್ಧ ಗಂಟೆಯಾದರೂ ಓಡಿಸಿ ನೋಡಿ. ಹೊರಡುವ ಮುಂಚೆ ಆಯಿಲ್ ಮುಚ್ಚಳದ ಒಳಮೈಯನ್ನೂ ಒಮ್ಮೆ ನೋಡಿಕೊಳ್ಳಿ.