ಪಾಲಿಮಾರ್ಕೆಟ್‌ನ ಯುದ್ಧ ವಿಭಾಗ: ನಿವೃತ್ತ ಸರ್ವೇಯರ್ ಕಣ್ಣಲ್ಲಿ

ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನಿಗೆ ನಕ್ಷೆಯ ಚಟ ಬಿಡುವುದಿಲ್ಲ. ಉಕ್ರೇನ್ ಯುದ್ಧದ ನಕ್ಷೆಗಳನ್ನು ತಿರುವಿ ಹಾಕುತ್ತಿದ್ದಾಗ ಪಾಲಿಮಾರ್ಕೆಟ್ ಎಂಬ ಈ ಜಾಲತಾಣ ಕಣ್ಣಿಗೆ ಬಿತ್ತು. ಇಂಥ ದಿನಾಂಕದೊಳಗೆ ರಷ್ಯಾ ಇಂಥ ಊರನ್ನು ಹಿಡಿಯುತ್ತದೆಯೇ ಎಂದು ಕೇಳಿ, ‘ಹೌದು’, ‘ಇಲ್ಲ’ ಎರಡನ್ನೂ ಇಲ್ಲಿ ಮಾರಾಟಕ್ಕೆ ಇಡುತ್ತಾರೆ. ದುಡ್ಡು ಹಾಕದೆಯೂ ಬೆಲೆ, ನಿಯಮ ಎಲ್ಲವನ್ನೂ ಓದಬಹುದು. ನಾನು ಓದಿದವನು ಮಾತ್ರ, ಆಡಿದವನಲ್ಲ.

ಮೊದಲು ಒಳ್ಳೆಯ ಮಾತು. ಪುಟ ಅಚ್ಚುಕಟ್ಟಾಗಿದೆ. ‘ಹೌದು’ ಎಂಬುದರ ಬೆಲೆ 12 ಸೆಂಟ್ ಇದ್ದರೆ ಅದು ನಡೆಯುವ ಸಂಭವ ಶೇಕಡಾ 12 ಎಂದು ಸಂತೆ ಭಾವಿಸಿದೆ ಎಂದರ್ಥ. ಗೆದ್ದರೆ ಒಂದು ಡಾಲರ್, ಸೋತರೆ ಸೊನ್ನೆ. ವ್ಯವಹಾರವೆಲ್ಲ ಡಿಜಿಟಲ್ ಡಾಲರ್‌ನಲ್ಲಿ. ಟಿವಿಯಲ್ಲಿ ಗಂಟಲು ಹರಿದುಕೊಳ್ಳುವ ಯುದ್ಧ ಪಂಡಿತರಿಗಿಂತ ಈ ಒಂದು ಅಂಕಿ ಎಷ್ಟೋ ಮೇಲು. ತಪ್ಪು ಹೇಳಿದರೆ ಇಲ್ಲಿ ಜೇಬಿಗೆ ಕತ್ತರಿ ಬೀಳುತ್ತದೆ.

ಆದರೆ ನನ್ನ ಕಣ್ಣು ಹೋಗುವುದು ಬೆಲೆಯ ಕಡೆಗಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿರುವ ನಿಯಮದ ಕಡೆಗೆ. ಊರು ‘ವಶವಾಯಿತು’ ಎಂದು ಹೇಳುವುದು ಯಾರು? ದೊನೆತ್ಸ್ಕ್ ಪ್ರಾಂತ್ಯದ ಕಲ್ಲಿದ್ದಲ ಪಟ್ಟಣ ಮಿರ್ನೊಹ್ರಾದ್ ಕುರಿತ ಪಣವನ್ನೇ ನೋಡಿ. ಇಡೀ ಪಟ್ಟಣದ ಭವಿಷ್ಯವನ್ನು ಒಂದು ಕೂಡುರಸ್ತೆಗೆ ಕಟ್ಟಿಹಾಕಿದ್ದರು. ವಾಷಿಂಗ್ಟನ್‌ನ ಇನ್‌ಸ್ಟಿಟ್ಯೂಟ್ ಫಾರ್ ದಿ ಸ್ಟಡಿ ಆಫ್ ವಾರ್ ಎಂಬ ಅಧ್ಯಯನ ಸಂಸ್ಥೆ ಪ್ರಕಟಿಸುವ ನಕ್ಷೆಯಲ್ಲಿ ಆ ಕೂಡುರಸ್ತೆಯ ಮೇಲೆ ರಷ್ಯಾದ ಬಣ್ಣ ಬಿದ್ದರೆ ‘ಹೌದು’ ಗೆದ್ದಂತೆ. ಅಂದರೆ ಗಿರಾಕಿ ಪಣ ಕಟ್ಟುವುದು ನೆಲದ ಮೇಲಲ್ಲ. ಯಾವುದೋ ಕಚೇರಿಯಲ್ಲಿ ಕುಳಿತ ನಕ್ಷೆಗಾರನ ಕೈಬೆರಳಿನ ಮೇಲೆ.

2025ರ ನವೆಂಬರ್ 15ರ ರಾತ್ರಿ ಆ ಬೆರಳು ಆಡಿಯೇಬಿಟ್ಟಿತು. ಪಣದ ಗಡುವು ಮುಗಿಯುವ ಹೊತ್ತಿಗೆ ಸರಿಯಾಗಿ ನಕ್ಷೆಯಲ್ಲಿ ರಷ್ಯಾ ಆ ಕೂಡುರಸ್ತೆಯ ತನಕ ಮುಂದೊತ್ತಿ ಬಂದಿತ್ತು. ‘ಹೌದು’ ಎಂದವರಿಗೆ ಹಣ ಸಂದಾಯವಾಯಿತು. ಮರುದಿನ ನೋಡಿದರೆ ಆ ಬಣ್ಣವೇ ಇಲ್ಲ! ಅನುಮತಿಯಿಲ್ಲದೆ ಯಾರೋ ನಕ್ಷೆಯನ್ನು ತಿದ್ದಿದ್ದರು, ಅದನ್ನು ಅಳಿಸಿದ್ದೇವೆ ಎಂದು ಸಂಸ್ಥೆಯೇ ಒಪ್ಪಿಕೊಂಡಿತು. ತಮ್ಮ ನಕ್ಷೆಯನ್ನು ಜೂಜಿಗೆ ಬಳಸುವುದಕ್ಕೆ ತಮ್ಮ ಸಮ್ಮತಿ ಇಲ್ಲವೆಂದೂ ಸೇರಿಸಿತು. ನಮ್ಮಲ್ಲಿ ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸಲು, ಹೋದರೆ ಅಕ್ಕಪಕ್ಕದ ಹಿಡುವಳಿದಾರರಿಗೆ ಮೊದಲು ನೋಟಿಸ್ ಕೊಡಬೇಕು, ಅವರ ಎದುರಿಗೇ ಅಳೆಯಬೇಕು, ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಬೇಕು. ಅಷ್ಟೆಲ್ಲ ಮಾಡಿದರೂ ಕಲ್ಲು ಕಿತ್ತು ಆಚೆಗೆ ನೆಡುವವರು ಇದ್ದೇ ಇರುತ್ತಾರೆ. ಇಲ್ಲಿ ನೋಟಿಸೂ ಇಲ್ಲ, ಪಂಚರೂ ಇಲ್ಲ.

ಇನ್ನು ತಕರಾರು. ಫಲಿತಾಂಶ ಇದು ಎಂದು ಅನುಮತಿ ಪಡೆದವರು ಠೇವಣಿ ಇಟ್ಟು ಸೂಚಿಸುತ್ತಾರೆ. ನಿಗದಿತ ಗಂಟೆಗಳೊಳಗೆ ಆಕ್ಷೇಪ ಬರದಿದ್ದರೆ ಅದೇ ಅಂತಿಮ. ಆಕ್ಷೇಪ ಮುಂದುವರಿದರೆ ‘ಉಮಾ’ ಎಂಬ ಕ್ರಿಪ್ಟೊ ಟೋಕನ್ ಇಟ್ಟುಕೊಂಡವರು ಮತ ಹಾಕಿ ತೀರ್ಮಾನಿಸುತ್ತಾರೆ. ಹೆಚ್ಚು ಟೋಕನ್ ಇದ್ದವನಿಗೆ ಹೆಚ್ಚು ಮತ. ಮತ ಹಾಕುವವನೇ ಪಣವನ್ನೂ ಕಟ್ಟಿದ್ದರೆ? ತಡೆಯುವ ಬೇಲಿ ನನಗೆ ಕಾಣಲಿಲ್ಲ. 2025ರ ಮಾರ್ಚ್‌ನಲ್ಲಿ ಉಕ್ರೇನ್ ಖನಿಜ ಒಪ್ಪಂದದ ಪಣ, ಒಪ್ಪಂದಕ್ಕೆ ಇನ್ನೂ ಸಹಿಯೇ ಬೀಳದಿದ್ದರೂ ‘ಹೌದು’ ಎಂದು ತೀರ್ಮಾನವಾಯಿತು. ಸುಮಾರು 70 ಲಕ್ಷ ಡಾಲರಿನ ವಹಿವಾಟು ಅದು. ಕಂಪನಿ ಹಣ ಹಿಂದಿರುಗಿಸಲಿಲ್ಲ. ಸ್ವಂತ ಹೊಲವನ್ನು ತಾನೇ ಅಳೆದು ತಾನೇ ಸಹಿ ಹಾಕುವ ಸರ್ವೇಯರ್‌ಗೆ ನಮ್ಮ ಹಳ್ಳಿಯ ಹುಡುಗರೂ ನಗುತ್ತಾರೆ.

ಇಂಥ ಸಂತೆ ಹೊಸ ಯೋಚನೆಯೇನೂ ಅಲ್ಲ. 2003ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೇ ಪಶ್ಚಿಮ ಏಷ್ಯಾದ ರಾಜಕೀಯ ಏರುಪೇರುಗಳ ಮೇಲೆ ಪಣದ ಮಾರುಕಟ್ಟೆ ತೆರೆಯಲು ಹೊರಟು, ಸೆನೆಟ್ ಸದಸ್ಯರು ಛೀಮಾರಿ ಹಾಕಿದ ಮೇಲೆ ಬಾಗಿಲು ತೆರೆಯುವ ಮೊದಲೇ ಮುಚ್ಚಿತು. ಆಗ ಸರ್ಕಾರಕ್ಕಾದರೂ ನಾಚಿಕೆಯಾಗಿತ್ತು. ಪಾಲಿಮಾರ್ಕೆಟ್‌ಗೆ ಅಮೆರಿಕದ ಸರಕು ವಾಯಿದಾ ನಿಯಂತ್ರಕರು 2022ರಲ್ಲಿ 14 ಲಕ್ಷ ಡಾಲರ್ ದಂಡ ಹಾಕಿದರು. 2025ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆಯ ಒಡೆತನದ ಕಂಪನಿಯೇ ಅದರಲ್ಲಿ 200 ಕೋಟಿ ಡಾಲರ್‌ವರೆಗೆ ಹೂಡುವುದಾಗಿ ಘೋಷಿಸಿತು.

ಮಿರ್ನೊಹ್ರಾದ್‌ನಲ್ಲಿ ಯುದ್ಧಕ್ಕೆ ಮೊದಲು ಸುಮಾರು 46 ಸಾವಿರ ಜನರಿದ್ದರು. ಪಣದ ಪುಟದಲ್ಲಿ ಆ ಸಂಖ್ಯೆಗೆ ಜಾಗವಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ನನ್ನ ಪೆದ್ದುತನ. ಆದರೂ ಹಸಿರು ಗುಂಡಿಯಲ್ಲಿ ‘ಹೌದು’ ಎಂದು ಬರೆದಿರುವುದನ್ನು ನೋಡಿದಾಗ ಒಂದು ಥರ ಆಗುತ್ತದೆ. ಇದೇ ಯುದ್ಧದಲ್ಲಿ, ಉಕ್ರೇನಿನ ಖಾರ್ಕಿವ್ ನಗರದಲ್ಲಿ 2022ರ ಮಾರ್ಚ್ 1ರಂದು ಶೆಲ್ ದಾಳಿಗೆ ಬಲಿಯಾದವರಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬನೂ ಇದ್ದ.

ಐದಕ್ಕೆ ಎಷ್ಟು ಕೊಡಲಿ? ಪುಟದ ವಿನ್ಯಾಸಕ್ಕೆ ನಾಲ್ಕು, ಅಂಕಿಯ ಉಪಯೋಗಕ್ಕೆ ಮೂರು, ತೀರ್ಮಾನದ ವಿಧಾನಕ್ಕೆ ಅರ್ಧ. ಅರ್ಧವಾದರೂ ಏಕೆಂದರೆ ನಿಯಮವನ್ನು ಬಚ್ಚಿಟ್ಟಿಲ್ಲ, ಓದುವವನಿಗೆ ಸಿಗುತ್ತದೆ. ಭಾರತದಲ್ಲಿ ಕೂತು ದುಡ್ಡು ಹಾಕಲು ಯೋಚಿಸುವವರು, ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯನ್ನು ಮೊದಲು ಓದಿಕೊಳ್ಳಲಿ. ಯುದ್ಧರಂಗ ಎಲ್ಲಿಗೆ ಬಂತು ಎಂದಷ್ಟೇ ತಿಳಿಯಬೇಕಾದವರಿಗೆ ವಾಷಿಂಗ್ಟನ್ ಸಂಸ್ಥೆಯ ನಕ್ಷೆಯೂ ಉಕ್ರೇನಿನವರೇ ನಡೆಸುವ ಡೀಪ್‌ಸ್ಟೇಟ್ ನಕ್ಷೆಯೂ ಪುಕ್ಕಟೆ ಸಿಗುತ್ತವೆ. ಡೀಪ್‌ಸ್ಟೇಟ್‌ನವರು ಯಾರ ಹಿಡಿತದಲ್ಲಿದೆ ಎಂದು ಖಚಿತವಾಗದ ಜಾಗಕ್ಕೆ ಬೂದು ಬಣ್ಣ ಹಚ್ಚುತ್ತಾರೆ. ಪಾಲಿಮಾರ್ಕೆಟ್‌ನಲ್ಲಿ ಬೂದು ಗುಂಡಿ ಇಲ್ಲ.